‘ದಿ ಲೆಫ್ಟ್‌ಓವರ್ಸ್’: ಹೋದವರ ಕಥೆಯಲ್ಲ, ಉಳಿದವರದ್ದು

ಮೊದಲ ಸೀಸನ್ನಿನ ಮೂರು ನಾಲ್ಕನೇ ಕಂತಿಗೇ ಕೈಬಿಟ್ಟವರು ಬಹಳ ಮಂದಿ. ಮೂರೂ ಸೀಸನ್ ಮುಗಿಸಿ, ಟಿವಿಯಲ್ಲಿ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅನ್ನುವವರೂ ಕಡಿಮೆಯಿಲ್ಲ. ಅಮೆರಿಕದ ಎಚ್‌ಬಿಒ ವಾಹಿನಿಯ ‘ದಿ ಲೆಫ್ಟ್‌ಓವರ್ಸ್’ ಧಾರಾವಾಹಿಯ ಬಗ್ಗೆ ಇಷ್ಟು ವರ್ಷಗಳಾದರೂ ಈ ಎರಡು ಗುಂಪುಗಳ ಮಾತು ಒಂದಾಗಿಲ್ಲ. ವಿಮರ್ಶಕರ ಅಂಕಗಳಲ್ಲೂ ಇದೇ ಏರುಪೇರು ಕಾಣುತ್ತದೆ: ವಿಮರ್ಶೆಗಳನ್ನು ಒಟ್ಟುಗೂಡಿಸಿ ನೂರಕ್ಕೆ ಅಂಕ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ಮೊದಲ ಸೀಸನ್ನಿಗೆ 65, ಎರಡನೆಯದಕ್ಕೆ 80, ಮೂರನೆಯದಕ್ಕೆ 98. ಬೇಸತ್ತು ಬಿಟ್ಟವರೂ ತಲೆಮೇಲೆ ಹೊತ್ತವರೂ ಬೊಟ್ಟು ಮಾಡುವುದು ಒಂದೇ ವಿಷಯಕ್ಕೆ. ಕಥೆಯಲ್ಲಿ ಒಂದೇ ಕ್ಷಣಕ್ಕೆ ಕಾಣೆಯಾದ ಕೋಟ್ಯಂತರ ಜನ ಎಲ್ಲಿ ಹೋದರು, ಯಾಕೆ ಹೋದರು ಎಂಬುದನ್ನು ಈ ಧಾರಾವಾಹಿ ಬಿಡಿಸಿ ಹೇಳುವುದಿಲ್ಲ. ಇದು ಗೊತ್ತಿದ್ದು ಕೂತರೆ ನೋಡುವ ಅನುಭವವೇ ಬೇರೆ. ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತಿದ್ದೇವೆ. ಮುಂದೆ ಕಥೆಯ ತಿರುವುಗಳೂ ಬರುತ್ತವೆ. ಅವು ಬೇಡ ಅನ್ನುವವರು ಕೊನೆಯ ಎರಡು ಪ್ಯಾರಾಗಳನ್ನಷ್ಟೇ ಓದಿಕೊಂಡರೆ ಸಾಕು.

2014ರ ಜೂನ್ 29ರಂದು ಶುರುವಾಗಿ 2017ರ ಜೂನ್ 4ರಂದು ಮುಗಿದ ಧಾರಾವಾಹಿ ಇದು. 10, 10, 8 ಎಂದು ಒಟ್ಟು 28 ಕಂತು, ಒಂದೊಂದೂ ಹೆಚ್ಚುಕಮ್ಮಿ ಒಂದು ಗಂಟೆ. ಟಾಮ್ ಪೆರೊಟ್ಟಾ 2011ರಲ್ಲಿ ಬರೆದ ಕಾದಂಬರಿಯನ್ನು ಅವರೇ ಡೇಮನ್ ಲಿಂಡೆಲೋಫ್ ಜೊತೆ ಸೇರಿ ಕಿರುತೆರೆಗೆ ತಂದರು. ಕಾದಂಬರಿಯ ಕಥೆ ಮೊದಲ ಸೀಸನ್ನಿಗೇ ಮುಗಿಯಿತು, ಉಳಿದ ಎರಡು ಸೀಸನ್ ಹೊಸದಾಗಿ ಹೆಣೆದದ್ದು. ಕಥೆಯ ಬೀಜ ಇಷ್ಟು: 2011ರ ಅಕ್ಟೋಬರ್ 14ರಂದು ಜಗತ್ತಿನ ಶೇಕಡ 2ರಷ್ಟು ಜನ, ಅಂದರೆ ಸುಮಾರು 14 ಕೋಟಿ ಮಂದಿ, ಒಂದೇ ಕ್ಷಣದಲ್ಲಿ ಮಾಯವಾಗುತ್ತಾರೆ. ಹೆಣವಿಲ್ಲ, ರಕ್ತವಿಲ್ಲ, ಕಾರಣವಿಲ್ಲ. ಮೂರು ವರ್ಷದ ನಂತರ ನ್ಯೂಯಾರ್ಕ್ ರಾಜ್ಯದ ಮೇಪಲ್ಟನ್ ಎಂಬ ಕಲ್ಪಿತ ಊರಿನಲ್ಲಿ ಕಥೆ ಶುರುವಾಗುತ್ತದೆ.

ಆ ಕ್ಷಣವನ್ನು ತೋರಿಸಿದ ರೀತಿಯಲ್ಲೇ ಇಡೀ ಧಾರಾವಾಹಿಯ ನಿಲುವು ಇದೆ. ಲಾಂಡ್ರಿಗೆ ಬಂದ ಹೆಂಗಸೊಬ್ಬಳು ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದಾಳೆ. ಮಗು ಒಂದೇ ಸಮನೆ ಅಳುತ್ತಿದೆ. ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮುಂದೆ ಬಂದು ಕೂತು, ಮಾತು ಮುಂದುವರಿಸುತ್ತಾಳೆ. ಅಳು ನಿಲ್ಲುತ್ತದೆ. ಅವಳಿಗೆ ಒಂದು ಕ್ಷಣ ನಿರಾಳವೇ ಆಗುತ್ತದೆ, ಆಮೇಲೆ ತಿರುಗಿ ನೋಡುತ್ತಾಳೆ. ಅಷ್ಟರಲ್ಲಿ ಪಕ್ಕದಲ್ಲಿ ತಳ್ಳುವವರಿಲ್ಲದ ಸಾಮಾನಿನ ಗಾಡಿಯೊಂದು ಉರುಳಿಕೊಂಡು ಹೋಗುತ್ತದೆ, ಹುಡುಗನೊಬ್ಬ ಅಪ್ಪನನ್ನು ಕೂಗುತ್ತಾನೆ, ಚಾಲಕನಿಲ್ಲದ ಕಾರು ಇನ್ನೊಂದಕ್ಕೆ ಗುದ್ದುತ್ತದೆ. ಮಾಯವಾಗುವುದನ್ನು ಕ್ಯಾಮೆರಾ ಒಮ್ಮೆಯೂ ತೋರಿಸುವುದಿಲ್ಲ. ಅದರ ಕಣ್ಣು ಉಳಿದವರ ಮುಖದ ಮೇಲೆಯೇ ಇರುತ್ತದೆ, 28ನೇ ಕಂತಿನವರೆಗೂ ಅಲ್ಲಿಂದ ಕದಲುವುದಿಲ್ಲ.

ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ನೋಡುಗರು ಒಗಟು ಬಿಡಿಸಲು ಕೂತಿದ್ದಕ್ಕೆ ಕಾರಣವಿತ್ತು. 2004ರಿಂದ 2010ರವರೆಗೆ ನಡೆದ ‘ಲಾಸ್ಟ್’ ಎಂಬ ಒಗಟಿನ ಧಾರಾವಾಹಿ ಕೂಡ ಲಿಂಡೆಲೋಫ್ ಮುಂದೆ ನಿಂತು ನಡೆಸಿದ್ದು. ಅಲ್ಲಿ ಆರು ಸೀಸನ್ ಸುಳಿವು ಹೆಕ್ಕಿದ ಪ್ರೇಕ್ಷಕರು ಕೊನೆಯ ಕಂತಿಗೆ ಸಿಟ್ಟಾದರು. ಆ ಬೈಗುಳ ಎಷ್ಟು ವರ್ಷ ಹಿಂಬಾಲಿಸಿತೆಂದರೆ 2013ರಲ್ಲಿ ಆತ ಟ್ವಿಟರನ್ನೇ ಬಿಟ್ಟರು. ಹೀಗಾಗಿ ‘ದಿ ಲೆಫ್ಟ್‌ಓವರ್ಸ್’ ಬಂದಾಗಲೂ ಪ್ರೇಕ್ಷಕರ ಕೈಯಲ್ಲಿ ಪೆನ್ಸಿಲ್ಲು ಸಿದ್ಧವಾಗಿತ್ತು. ಮನೆಯೊಳಗೆ ನುಗ್ಗುವ ಜಿಂಕೆ, ಕಾಡುಬಿದ್ದ ನಾಯಿಗಳು, ಅಪ್ಪ ಮಗನ ಕೈಗಿಡುವ 1972ರ ಮೇ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಸಂಚಿಕೆ, ಎಲ್ಲದರಲ್ಲೂ ಬೀಗದ ಕೈ ಹುಡುಕಿದರು. ಆ ಸಂಚಿಕೆಯ ಪುಟ ತಿರುವಿ ಅರ್ಥ ಹೊಂದಿಸಿದವರೂ ಇದ್ದಾರೆ. ಹಾಗೆ ಹುಡುಕುವ ಚಟವನ್ನು ಪಾತ್ರಗಳಿಗೂ ಅಂಟಿಸಿ, ಅದರಿಂದ ಅವರ ಬದುಕು ಹೇಗೆ ಹದಗೆಡುತ್ತದೆ ಎಂದು ತೋರಿಸಿದ್ದು ಬರವಣಿಗೆಯ ಜಾಣ್ಮೆ. ಆದರೆ ಅದು ಹೊಳೆಯುವುದು ಎರಡನೇ ಸೀಸನ್ನಿಗೆ ಕಾಲಿಟ್ಟ ಮೇಲೆ.

ಮೊದಲ ಸೀಸನ್ನಿನ ಮೇಲಿನ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ. ನಗುವಿಗೆ ಒಂದು ಕಿಟಕಿಯೂ ಇಲ್ಲದಷ್ಟು ಬಿಗಿ ವಾತಾವರಣ. ಅಪ್ಪಿಕೊಂಡರೆ ನೋವು ಹೋಗುತ್ತದೆ ಅನ್ನುವ ಹೋಲಿ ವೇಯ್ನ್ ಮತ್ತು ಅವನ ಹಿಂದೆ ಅಲೆಯುವ ಟಾಮಿಯ ಎಳೆ ಉಳಿದ ಕಥೆಗೆ ಸರಿಯಾಗಿ ಹೊಲಿದುಕೊಳ್ಳುವುದಿಲ್ಲ. ಆ ಭಾಗ ಬಂದಾಗಲೆಲ್ಲ ಕಂತಿನ ಓಟ ಕುಂಟುತ್ತದೆ. ಮ್ಯಾಕ್ಸ್ ರಿಕ್ಟರ್ ಸಂಗೀತ ಅದ್ಭುತವೇ, ಆದರೆ ಒಂದೇ ಪಿಯಾನೊ ಧಾಟಿ ಪದೇಪದೇ ಬರುವುದರಿಂದ ಈಗ ಅಳಬೇಕು ಎಂದು ಯಾರೋ ಸನ್ನೆ ಮಾಡಿದಂತಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ರೇಗಿದ್ದು ‘ಗಿಲ್ಟಿ ರೆಮ್ನಂಟ್’ ಪಂಥದ ಮೇಲೆ. ಬಿಳಿ ಬಟ್ಟೆ ತೊಟ್ಟು, ಮಾತು ಬಿಟ್ಟು, ಸದಾ ಸಿಗರೇಟು ಸೇದುತ್ತಾ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾ, ಮರೆಯಲು ಹೊರಟವರ ಮನೆ ಮುಂದೆ ಸುಮ್ಮನೆ ನಿಲ್ಲುವ ಜನ ಇವರು. ನೋಡುಗರಿಗೆ ಕಿರಿಕಿರಿಯಾದರೆ ಪಾತ್ರ ಕೆಲಸ ಮಾಡಿದೆ ಎಂದೇ ಅರ್ಥ, ಯಾಕೆಂದರೆ ಮೇಪಲ್ಟನ್ನಿನವರಿಗೂ ಅದೇ ಆಗುತ್ತಿದೆ. ಲೆಕ್ಕ ತಪ್ಪಿದ್ದು ಬೇರೆ ಕಡೆ. ಪೊಲೀಸ್ ಮುಖ್ಯಸ್ಥ ಕೆವಿನ್ ಗಾರ್ವಿಯ ಹೆಂಡತಿ ಲೋರಿಯ ಮನೆಯಲ್ಲಿ ಯಾರೂ ಕಾಣೆಯಾಗಿಲ್ಲ. ಗಂಡ, ಮಕ್ಕಳು ಎಲ್ಲ ಇದ್ದಾರೆ. ಹಾಗಿದ್ದೂ ಅವಳು ಸಂಸಾರ ಬಿಟ್ಟು ಈ ಪಂಥ ಸೇರಿದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಒಂಬತ್ತನೇ ಕಂತಿನಲ್ಲಿ. ಆ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ.

ಆ ಉತ್ತರ ಎದೆಗೆ ಇರಿಯುವಂಥದ್ದು. ಕಥೆ ಮೂರು ವರ್ಷ ಹಿಂದಕ್ಕೆ ಹೋಗುತ್ತದೆ. ಲೋರಿ ಬಸುರಿ, ಗಂಡನಿಗೆ ಇನ್ನೂ ಹೇಳಿಲ್ಲ. ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿದ್ದಾಳೆ, ಪರದೆಯ ಮೇಲೆ ಭ್ರೂಣ ಕಾಣುತ್ತಿದೆ. ಹೊರಗೆ ಗದ್ದಲವೇಳುತ್ತದೆ. ಲೋರಿ ಮತ್ತೆ ಪರದೆಯ ಕಡೆ ತಿರುಗಿದಾಗ ಆ ಪಾತ್ರ ಮಾಡಿದ ಏಮಿ ಬ್ರೆನ್‌ಮನ್ ಮುಖ ಮಾತ್ರ ನಮಗೆ ಕಾಣುತ್ತದೆ. ಯಾವ ಪಟ್ಟಿಯಲ್ಲೂ ಸೇರದ, ಯಾರಿಗೂ ಹೇಳಿಕೊಳ್ಳಲಾಗದ ನಷ್ಟ. ಈ ಕಂತನ್ನೇ ಮೊದಲು ನೋಡಿ ಎಂದು ಕೆಲವರು ಸಲಹೆ ಕೊಡುತ್ತಾರೆ, ಅದು ತಪ್ಪು ಸಲಹೆ. ಎಂಟು ಕಂತು ಅವಳ ಮೌನಕ್ಕೆ ಸಿಟ್ಟಾಗಿದ್ದವರಿಗೇ ಈ ದೃಶ್ಯದ ಭಾರ ತಿಳಿಯುವುದು. ಮೊದಲ ಸೀಸನ್ ಪೂರ್ತಿ ನೋಡುವ ತಾಳ್ಮೆ ಇಲ್ಲವೆಂದರೆ 1, 3, 6, 8, 9, 10 ಇಷ್ಟನ್ನಾದರೂ ಕ್ರಮವಾಗಿ ನೋಡಿ. 3ರಲ್ಲಿ ಪಾದ್ರಿ ಮ್ಯಾಟ್ ಇದ್ದಾನೆ, 6ರಲ್ಲಿ ನೋರಾ. 8ನ್ನು ಬಿಟ್ಟರೆ ಎರಡನೇ ಸೀಸನ್ನಿನಲ್ಲಿ ಕೆವಿನ್ ಬೆನ್ನು ಬಿಡದ ಪ್ಯಾಟಿ ಯಾರೆಂದೇ ತಿಳಿಯುವುದಿಲ್ಲ. ನೇರ ಎರಡನೆಯದಕ್ಕೆ ಹಾರಿದವರು ದೃಶ್ಯಗಳನ್ನು ಮೆಚ್ಚುತ್ತಾರೆ, ಆದರೆ ಅಳು ಬರುವಲ್ಲಿ ಅವರಿಗೆ ಅಳು ಬರುವುದಿಲ್ಲ.

ನೋರಾ ಡರ್ಸ್ಟ್ ಪಾತ್ರ ಮಾಡಿದ ಕ್ಯಾರಿ ಕೂನ್ ಬಗ್ಗೆ ಮಾತ್ರ ಎರಡೂ ಗುಂಪಿನವರು ಒಂದೇ ಮಾತು ಹೇಳುತ್ತಾರೆ. ಗಂಡ ಡಗ್, ಮಕ್ಕಳು ಜೆರೆಮಿ ಮತ್ತು ಎರಿನ್, ಮೂವರೂ ಬೆಳಗಿನ ತಿಂಡಿಯ ಮೇಜಿನಿಂದಲೇ ಹೋದವರು. ಅವಳು ಮಕ್ಕಳು ತಿನ್ನುತ್ತಿದ್ದ ಸೀರಿಯಲ್ ಡಬ್ಬಿಗಳನ್ನೂ ಹಾಲನ್ನೂ ಮತ್ತೆ ಮತ್ತೆ ಕೊಂಡು ತರುತ್ತಾಳೆ, ಯಾರೂ ಮುಟ್ಟದ ಹಳೆಯದನ್ನು ಕಸಕ್ಕೆ ಹಾಕಿ ಹೊಸದನ್ನು ಅದೇ ಜಾಗದಲ್ಲಿ ಇಡುತ್ತಾಳೆ. ಆ ದಿನ ಖಾಲಿಯಾದ ಪೇಪರ್ ಟವೆಲ್ ಸುರುಳಿ ಇನ್ನೂ ಹಾಗೇ ಇದೆ. ಈ ಸಣ್ಣ ಚಲನೆಗಳನ್ನು ಯಾವ ಮಾತೂ ಇಲ್ಲದೆ ತೋರಿಸುತ್ತಾರೆ. ಅವಳ ಕೆಲಸವೋ, ಕಾಣೆಯಾದವರ ಮನೆಯವರಿಗೆ ಪರಿಹಾರ ಕೊಡುವ ಸರ್ಕಾರಿ ಇಲಾಖೆಯಲ್ಲಿ ಪ್ರಶ್ನಾವಳಿ ಭರ್ತಿ ಮಾಡಿಸುವುದು, ಸುಳ್ಳು ಹಕ್ಕುದಾರರನ್ನು ಹಿಡಿಯುವುದು. ಸುಳ್ಳಿನ ವಾಸನೆ ಹಿಡಿಯುವುದೇ ವೃತ್ತಿಯಾದವಳು ಎಂಬುದನ್ನು ನೆನಪಿಟ್ಟುಕೊಳ್ಳಿ, ಕೊನೆಯ ಕಂತಿಗೆ ಇದು ಬೇಕಾಗುತ್ತದೆ.

ಇದೇ ಆರನೇ ಕಂತಿನಲ್ಲಿ ಕಾಣೆಯಾದವರ ತದ್ರೂಪು ಬೊಂಬೆ ಮಾಡಿ ಮಾರುವ ಕಂಪನಿಯ ಪ್ರಸ್ತಾಪ ಬರುತ್ತದೆ. ಹೂಳಲು ದೇಹ ಸಿಗದವರು ಬೊಂಬೆಯನ್ನಾದರೂ ಹೂಳಲಿ ಎಂಬ ವ್ಯಾಪಾರ. ಇದನ್ನು ಅತಿರೇಕ ಎಂದವರಿದ್ದಾರೆ. ನಮ್ಮ ಕಡೆಯ ನೋಡುಗರಿಗೆ ಅದು ಅತಿರೇಕವಾಗಿ ಕಾಣಬೇಕಾಗಿಲ್ಲ. ಮನೆ ಬಿಟ್ಟು ಹೋಗಿ ಹನ್ನೆರಡು ವರ್ಷ ಸುದ್ದಿಯೇ ಇಲ್ಲದವರಿಗೆ ದರ್ಭೆಯಿಂದಲೋ ಮುತ್ತುಗದ ಎಲೆಯಿಂದಲೋ ಆಕೃತಿ ಮಾಡಿ, ಅದಕ್ಕೆ ಸಂಸ್ಕಾರ ಮಾಡುವ ವಿಧಿ ನಮ್ಮಲ್ಲಿದೆ. ಏಳು ವರ್ಷ ಸುಳಿವಿಲ್ಲದವರನ್ನು ಸತ್ತರೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ದೇಹವಿಲ್ಲದೆ ದುಃಖಕ್ಕೆ ಒಂದು ಕೊನೆ ಕಾಣಿಸುವುದು ಎಷ್ಟು ಕಷ್ಟ ಎಂಬುದು ಗೊತ್ತಿದ್ದ ಹಿರಿಯರು ಮಾಡಿಟ್ಟ ದಾರಿಗಳಿವು. ಅಮೆರಿಕದ ಪಾಲೀನ್ ಬಾಸ್ ಎಂಬ ಮನಶ್ಶಾಸ್ತ್ರ ಚಿಂತಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡುತ್ತಾ, ಸಾವು ಖಚಿತವಾಗದ ಅಗಲಿಕೆ ಬೇರೆಯೇ ಬಗೆಯ ದುಃಖ ಎಂದು ಗುರುತಿಸಿದರು: ಕಾಯುವುದನ್ನು ಬಿಟ್ಟರೆ ದ್ರೋಹ, ಬಿಡದಿದ್ದರೆ ಬದುಕು ನಿಂತಲ್ಲೇ. ನೋರಾಳ ಅಡುಗೆಮನೆ ಇದರ ಪಾಠದಂತಿದೆ. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಬಾಗಿಲಿನಾಚೆ ಹೋದವರ ಮುಖವನ್ನೂ ನೋಡಲಾಗದೆ ಉಳಿದವರಿಗೆ ಈ ಧಾರಾವಾಹಿ ಬೇರೆಯೇ ರೀತಿ ತಟ್ಟುತ್ತದೆ.

ಮೊದಲ ಸೀಸನ್ನಿನ ಕೊನೆಯಲ್ಲಿ ಬಿಳಿ ಬಟ್ಟೆಯವರು ಇಂಥವೇ ಬೊಂಬೆಗಳನ್ನು ರಾತ್ರೋರಾತ್ರಿ ಊರಿನ ಮನೆಗಳೊಳಗೆ ಕೂರಿಸಿ ಹೋಗುತ್ತಾರೆ. ಬೆಳಿಗ್ಗೆ ನೋರಾ ಅಡುಗೆಮನೆಗೆ ಬಂದರೆ ಗಂಡ, ಮಗ, ಮಗಳು ಮೇಜಿನ ಸುತ್ತ ಕೂತಿದ್ದಾರೆ. ಅಲ್ಲಿ ಕೂನ್ ಮಾಡುವುದನ್ನು ವಿವರಿಸುವುದಕ್ಕಿಂತ ನೋಡುವುದೇ ಸರಿ.

ಎರಡನೇ ಸೀಸನ್ ಶುರುವಾದಾಗ ಎಷ್ಟೋ ಜನ ತಪ್ಪು ಕಂತು ಹಾಕಿಕೊಂಡೆವೇನೋ ಅಂದುಕೊಂಡರು. ಮೊದಲ ಕೆಲವು ನಿಮಿಷ ಗುಹಾವಾಸಿ ಬಸುರಿಯೊಬ್ಬಳ ಕಥೆ. ಭೂಕಂಪ, ಗುಹೆ ಮುಚ್ಚುತ್ತದೆ, ಅವಳೊಬ್ಬಳೇ ಉಳಿಯುತ್ತಾಳೆ, ಒಬ್ಬಳೇ ಹೆರುತ್ತಾಳೆ. ಒಂದು ಮಾತೂ ಇಲ್ಲ. ಆಮೇಲೆ ಬರುವವರೂ ಹೊಸಬರು: ಟೆಕ್ಸಸ್‌ನ ಜಾರ್ಡನ್ ಎಂಬ ಊರಿನ ಮರ್ಫಿ ಕುಟುಂಬ. ನಮಗೆ ಪರಿಚಯದ ಗಾರ್ವಿಗಳು ಬರುವುದು ಕಂತು ಮುಗಿಯುತ್ತಾ ಬಂದಾಗ. ಓಡಿಸದೆ ನೋಡಿ. ಒಂಟಿಯಾಗಿ ಉಳಿದವಳ ಆ ಮುನ್ನುಡಿಯಲ್ಲೇ ಸೀಸನ್ ಪೂರ್ತಿ ಅಡಗಿದೆ. ಜಾರ್ಡನ್‌ನ 9,261 ಜನರಲ್ಲಿ ಒಬ್ಬರೂ ಮಾಯವಾಗಿಲ್ಲ. ಹಾಗಾಗಿ ಅದು ಪುಣ್ಯಕ್ಷೇತ್ರವಾಗಿದೆ: ಒಳಗೆ ಬಿಡಲು ಕೈಪಟ್ಟಿ, ಸೇತುವೆಯಾಚೆ ಬಿಡಾರ ಹೂಡಿದ ಸಾವಿರಾರು ಜನ, ನೀರಿಗೂ ಮಣ್ಣಿಗೂ ಬೆಲೆ. ಈಗ ಕೆವಿನ್‌ನ ಸಂಗಾತಿಯಾಗಿರುವ ನೋರಾ ತನ್ನ ಮೇಪಲ್ಟನ್ ಮನೆಯನ್ನು ಸಂಶೋಧಕರಿಗೆ 27 ಲಕ್ಷ ಡಾಲರಿಗೆ ಮಾರಿ, ಇಲ್ಲಿ ಪಾಳು ಮನೆಯೊಂದನ್ನು ಹರಾಜಿನಲ್ಲಿ 30 ಲಕ್ಷಕ್ಕೆ ಕೂಗುತ್ತಾಳೆ. ಭಯಕ್ಕೆ ಎಷ್ಟು ಬೆಲೆ ತೆರಬಹುದು ಎಂಬುದು ಆ ಒಂದು ದೃಶ್ಯದಲ್ಲಿ ಗೊತ್ತಾಗುತ್ತದೆ.

ಈ ಸೀಸನ್ನಿನ ಶ್ರೇಷ್ಠ ಹತ್ತು ನಿಮಿಷ ಆರನೇ ಕಂತಿನಲ್ಲಿದೆ. ನೋರಾ ತನ್ನ ಹಳೇ ಪ್ರಶ್ನಾವಳಿ ಹಿಡಿದು, ಈಚೆಗಷ್ಟೇ ಮಗಳು ಕಾಣೆಯಾದ ಎರಿಕಾ ಮರ್ಫಿಯ ಎದುರು ಕೂರುತ್ತಾಳೆ. ಮೇಜು, ಎರಡು ಕುರ್ಚಿ, ಕ್ಯಾರಿ ಕೂನ್ ಮತ್ತು ರೆಜಿನಾ ಕಿಂಗ್. ಪ್ರಶ್ನೆ ಕೇಳುವವಳು ಯಾರು, ಉತ್ತರ ಹೇಳಬೇಕಾದವಳು ಯಾರು ಎಂಬುದು ನಡುವೆ ಎಲ್ಲೋ ಅದಲುಬದಲಾಗುತ್ತದೆ. ಎಂಟನೇ ಕಂತು ಮಾತ್ರ ಇನ್ನೊಂದು ಗೆರೆ ಎಳೆಯಿತು. ವಿಷ ಕುಡಿದ ಕೆವಿನ್ ಹೋಟೆಲೊಂದರ ಸ್ನಾನದ ತೊಟ್ಟಿಯಲ್ಲಿ ಎಚ್ಚರಾಗುತ್ತಾನೆ, ಬಟ್ಟೆಯ ಕಪಾಟಿನಿಂದ ಆರಿಸಿದ ಉಡುಪಿಗೆ ತಕ್ಕ ಪಾತ್ರ ಅವನದು, ಆತ ಈಗ ಬಾಡಿಗೆ ಕೊಲೆಗಾರ. ವಾಸ್ತವವಾದ ಬಯಸಿದವರು ಇಲ್ಲಿಗೆ ಸಾಕು ಅಂದರು. ನಮ್ಮ ಮಟ್ಟಿಗೆ ಧಾರಾವಾಹಿ ಉಸಿರಾಡಲು ಕಲಿತದ್ದು ಇಲ್ಲೇ. ಗಂಭೀರ ವಿಷಯವನ್ನು ವಿಚಿತ್ರವಾಗಿ, ನಗು ಬರುವಂತೆಯೂ ಹೇಳಬಹುದು ಎಂಬ ಧೈರ್ಯ ಬಂತು. ಬಾವಿಯ ಬಳಿ ಆ ಕಂತು ಮುಗಿಯುವ ರೀತಿಯನ್ನು ನೋಡಿದ ಮೇಲೆ ಆ ಆಟವೆಲ್ಲ ಯಾಕೆ ಬೇಕಿತ್ತು ಎಂದು ತಿಳಿಯುತ್ತದೆ.

ಮೂರನೇ ಸೀಸನ್ ಏಳನೇ ವರ್ಷಾಚರಣೆಯ ಹೊತ್ತಿನದು, ಹೆಚ್ಚಿನ ಭಾಗ ಆಸ್ಟ್ರೇಲಿಯಾದಲ್ಲಿ ನಡೆಯುತ್ತದೆ. ಆರನೇ ಕಂತಿನ ಕೊನೆಯಲ್ಲಿ ಲೋರಿ ಸಮುದ್ರಕ್ಕೆ ಧುಮುಕಿದಾಗ ಅವಳು ಸತ್ತಳೆಂದೇ ಎಲ್ಲರೂ ನಂಬಿದರು. ಕೊನೆಯ ಕಂತಿನಲ್ಲಿ ಅವಳು ಫೋನಿನಲ್ಲಿ ಸಿಕ್ಕಾಗ ಕೆಲವರಿಗೆ ನೆಮ್ಮದಿಯಾಯಿತು, ಕೆಲವರಿಗೆ ಮೋಸ ಹೋದಂತಾಯಿತು. ಧುಮುಕುವ ಮುಂಚೆ ಮಕ್ಕಳ ಫೋನು ಬರುತ್ತದೆ. ಅವರ ನಗು ಕೇಳಿದ ಮೇಲೆ ಅವಳು ಮೇಲೆ ಬಂದಳು ಎಂಬುದು ನಂಬಲಾಗದ ಮಾತೇನಲ್ಲ.

ಇನ್ನು ಮುಗಿಯದ ಆ ಜಗಳ: ನೋರಾ ಹೇಳಿದ್ದು ನಿಜವೇ? ಹೋದವರ ಬಳಿಗೆ ಕಳಿಸುತ್ತದೆ ಎನ್ನುವ ಯಂತ್ರದೊಳಗೆ ಅವಳು ಕೂರುತ್ತಾಳೆ. ಪಾರದರ್ಶಕ ಗೋಲದಲ್ಲಿ ದ್ರವ ಏರುತ್ತದೆ. ಮುಖ ಮುಚ್ಚುವ ಹೊತ್ತಿಗೆ ಅವಳು ತಲೆಯೆತ್ತಿ ಬಾಯಿ ತೆರೆಯುತ್ತಾಳೆ, ದೃಶ್ಯ ಅಲ್ಲಿಗೆ ಕಡಿದುಹೋಗುತ್ತದೆ. ಉಸಿರಿಗಾಗಿ ತೆರೆದಳೇ, ನಿಲ್ಲಿಸಿ ಎಂದು ಕೂಗಲು ತೆರೆದಳೇ ತಿಳಿಯುವುದಿಲ್ಲ. ಎಷ್ಟೋ ವರ್ಷಗಳ ಮೇಲೆ, ಮುಪ್ಪಿನಲ್ಲಿ, ಹುಡುಕಿಕೊಂಡು ಬಂದ ಕೆವಿನ್‌ಗೆ ಅವಳು ಹೇಳುತ್ತಾಳೆ: ಆಚೆ ಕಡೆಯ ಜಗತ್ತಿನಲ್ಲಿ ಮಾಯವಾದವರು ಶೇಕಡ 98 ಮಂದಿ, ಅಂದರೆ ನಾವು. ವಿಮಾನ ಓಡಿಸುವವರೇ ವಿರಳವಾದ ಆ ಜಗತ್ತಿನಲ್ಲಿ ಬಹುಕಾಲ ಪಯಣಿಸಿ ಮನೆ ಸೇರಿದಳಂತೆ. ಗಂಡ, ಇನ್ನೊಬ್ಬಳು ಹೆಂಗಸು, ಬೆಳೆದ ಮಕ್ಕಳು, ಎಲ್ಲರೂ ಸುಖವಾಗಿದ್ದರಂತೆ. ಅಲ್ಲಿ ತಾನೇ ಭೂತ ಅನ್ನಿಸಿ ಮರಳಿದಳಂತೆ.

ಸುಳ್ಳು ಅನ್ನುವವರ ಬಳಿ ಗಟ್ಟಿ ಆಧಾರಗಳಿವೆ. ಕೆವಿನ್ ಕಂಡ ಹೋಟೆಲನ್ನು ಕಣ್ಣಾರೆ ತೋರಿಸಿದ ಧಾರಾವಾಹಿ, ನೋರಾಳ ಪಯಣದ ಒಂದು ಚಿತ್ರವನ್ನೂ ತೋರಿಸುವುದಿಲ್ಲ. ಅದೇ ಕಂತಿನಲ್ಲಿ, ಪಾರಿವಾಳಗಳು ಪ್ರೀತಿಯ ಸಂದೇಶವನ್ನು ಜಗತ್ತಿನಾದ್ಯಂತ ಒಯ್ಯುತ್ತವೆ ಎಂದು ಮದುವೆಯಲ್ಲಿ ಹೇಳಿದ ಸನ್ಯಾಸಿನಿಯನ್ನು ನೋರಾ ತಡೆದಾಗ, ಅದು ಹೆಚ್ಚು ಚೆಂದದ ಕಥೆ ಎಂಬ ಅರ್ಥದ ಉತ್ತರ ಬರುತ್ತದೆ. ಕೆವಿನ್ ಕೂಡ ಮೊದಲು ಬಂದಾಗ, ತಮ್ಮ ನಡುವೆ ಏನೂ ನಡೆದೇ ಇಲ್ಲವೆಂಬಂತೆ ಕಟ್ಟುಕಥೆ ಹೇಳಿ, ಆಮೇಲಷ್ಟೇ ಪ್ರತಿವರ್ಷ ರಜೆಯಲ್ಲಿ ಬಂದು ಅವಳನ್ನು ಹುಡುಕುತ್ತಿದ್ದುದನ್ನು ಒಪ್ಪಿಕೊಳ್ಳುತ್ತಾನೆ. ನಿಜ ಅನ್ನುವವರದೂ ಬಲವಾದ ವಾದವೇ: ಇತರರ ಸುಳ್ಳು ಹಿಡಿಯುವುದನ್ನೇ ಬದುಕಾಗಿಸಿಕೊಂಡ ನೋರಾ ಇಷ್ಟು ದೊಡ್ಡ ಸುಳ್ಳು ಕಟ್ಟುವವಳಲ್ಲ, ಪೈಲಟ್‌ಗಳ ಕೊರತೆಯಂಥ ವಿವರ ಕಲ್ಪನೆಯಿಂದ ಬರುವಂಥದ್ದಲ್ಲ. ನಮ್ಮ ಓದು ಹೀಗೆ: ಅವಳು ಹೋಗಿಲ್ಲ. ಯಂತ್ರದೊಳಗೆ ಕೂಗಿ ನಿಲ್ಲಿಸಿದಳು. ಮಕ್ಕಳು ಸುಖವಾಗಿದ್ದಾರೆ ಎಂಬ ಚಿತ್ರವನ್ನು ಒಂಟಿ ವರ್ಷಗಳಲ್ಲಿ ಕಟ್ಟಿಕೊಂಡಳು. ಖಾಲಿ ಸುರುಳಿಯನ್ನೂ ಬದಲಿಸದವಳು ಮಕ್ಕಳನ್ನು ಬಿಟ್ಟುಕೊಡಲು ಬೇಕಾದದ್ದು ಅದೊಂದೇ. ಕೆವಿನ್ ನಂಬಿದೆ ಅನ್ನುತ್ತಾನೆ. ಸುಳ್ಳು ಎಂದುಕೊಂಡು ನೋಡಿದರೆ ಆ ನಂಬಿಕೆಯ ಬೆಲೆ ಇನ್ನೂ ಹೆಚ್ಚುತ್ತದೆ. ಎರಡನೇ ಸಲ ನೋಡುವವರು ನೋರಾಳ ಮಾತಿಗಿಂತ ಕೇಳುತ್ತಿರುವ ಕೆವಿನ್ ಪಾತ್ರಧಾರಿ ಜಸ್ಟಿನ್ ಥೆರೂ ಮುಖವನ್ನು ಗಮನಿಸಲಿ.

ನೋಡುವ ಮುಂಚೆ ಕೆಲವು ಎಚ್ಚರಿಕೆ. ಮೊದಲ ಕಂತಿನಲ್ಲಿ ನಾಯಿಗಳನ್ನು ಗುಂಡಿಟ್ಟು ಕೊಲ್ಲುವ ದೃಶ್ಯಗಳಿವೆ. ಮೊದಲ ಸೀಸನ್ನಿನ ಐದನೇ ಕಂತು ಹೆಂಗಸೊಬ್ಬಳನ್ನು ಕಲ್ಲು ಹೊಡೆದು ಸಾಯಿಸುವುದರಿಂದ ಶುರುವಾಗುತ್ತದೆ, ಕ್ಯಾಮೆರಾ ಪಕ್ಕಕ್ಕೆ ತಿರುಗುವುದೂ ಇಲ್ಲ. ಶುರುವಿನ ಆ ಭಾಗ ದಾಟಿಸಿ ನೋಡಿದರೆ ಕಥೆಗೆ ನಷ್ಟವಿಲ್ಲ. ಆತ್ಮಹತ್ಯೆ ಮತ್ತು ಅದರ ಪ್ರಯತ್ನ ಮೂರೂ ಸೀಸನ್ನಿನಲ್ಲಿ ಬರುತ್ತದೆ, ಮೊದಲನೆಯದರ ಎಂಟನೇ ಕಂತಿನಲ್ಲಿ ಕಣ್ಣೆದುರೇ. ನಗ್ನತೆಯೂ ಇದೆ, ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅದರಲ್ಲೂ ಮಗುವನ್ನೋ ಗರ್ಭವನ್ನೋ ಕಳೆದುಕೊಂಡವರಿದ್ದರೆ, ಈಗಲೇ ಶುರು ಮಾಡಬೇಡಿ. ಇದರಿಂದ ಸಮಾಧಾನ ಸಿಕ್ಕಿತು ಅನ್ನುವವರೂ ಮೊದಲ ಹತ್ತು ಕಂತುಗಳಲ್ಲಿ ಅದು ಸಿಕ್ಕಿತು ಅನ್ನುವುದಿಲ್ಲ.

ಫೋನಿನ ಪರದೆ ಸಾಲದು, ಯಾಕೆಂದರೆ ಬಿಳಿ ಬಟ್ಟೆಯವರ ಕೈಬರಹದ ಚೀಟಿಗಳನ್ನು ಓದಲಾಗುವುದಿಲ್ಲ, ಅರ್ಧ ಸಂಭಾಷಣೆ ಅಲ್ಲೇ ಇದೆ. ಕೆವಿನ್ ಗೊಣಗುವವನು, ಮೂರನೇ ಸೀಸನ್ನಿನಲ್ಲಿ ಆಸ್ಟ್ರೇಲಿಯಾದ ಉಚ್ಚಾರಣೆ ಬೇರೆ, ಆದ್ದರಿಂದ ಸಬ್‌ಟೈಟಲ್ ಹಾಕಿಕೊಳ್ಳಿ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಕಂತು. ವಾರಾಂತ್ಯದಲ್ಲಿ ಸೀಸನ್ ಪೂರ್ತಿ ನುಂಗಿದವರೇ ಮೊದಲನೆಯದನ್ನು ಅತಿ ಹೆಚ್ಚು ಬೈದವರು, ಆ ಭಾರವನ್ನು ಒಟ್ಟಿಗೆ ಹೊರಲಾಗದು. ಎರಡನೇ ಸೀಸನ್ನಿನಿಂದ ಶೀರ್ಷಿಕೆಯ ಹಾಡನ್ನು ದಾಟಿಸಬೇಡಿ: ಮೊದಲನೆಯದರ ಗೋಳಿನ ಚಿತ್ರಪಟ ಹೋಗಿ ಐರಿಸ್ ಡಿಮೆಂಟ್ ಅವರ ಹಗುರ ಹಾಡು ಬರುತ್ತದೆ, ಮೂರನೆಯದರಲ್ಲಿ ಕಂತಿಗೊಂದು ಹಾಡು ಬದಲಾಗುತ್ತದೆ. ಕೊನೆಯ ಕಂತಿಗೆ ಮತ್ತೆ ಅದೇ ಡಿಮೆಂಟ್ ಹಾಡನ್ನು ಹಾಕಿದ್ದಾರೆ.